ಗುದ್ದಿದ ಮೇಲೆ ನಿಂತವನು

ಕಾರು ಗುದ್ದಿದವನು ಓಡಿಹೋಗದೆ ಅಲ್ಲೇ ನಿಂತು "ಗುದ್ದಿದವ ನಾನ" ಎಂದು ಒಪ್ಪಿಕೊಳ್ಳುವುದು ನಮ್ಮ ಸೀಮೆಯಲ್ಲಿ ಎಂದೂ ಆಗದ ಕೆಲಸ ಎಂದವನು ನನ್ನ ಹೆಂಡತಿಯ ತಮ್ಮ ಶೇಖಪ್ಪ. ಹಿರೇಕೆರೂರಿನ ಸ್ಟ್ಯಾಂಡಿನಲ್ಲಿ ಬಾಡಿಗೆ ಕಾರು ಓಡಿಸುವವನು. ಈ ಮಾತನ್ನು ಅವನು ಹೇಳಿದ್ದು ನನ್ನ ಮನೆಯಲ್ಲೇ, ನನ್ನ ಎದುರಿಗೆ ಊಟಕ್ಕೆ ಕೂತು, ನನ್ನ ಪಾಲಿನ ಬದನೆಕಾಯಿ ಪಲ್ಯವನ್ನೂ ತನ್ನ ಕಡೆಗೆ ಎಳೆದುಕೊಳ್ಳುತ್ತ.

"ಮಾಮಾ, ನಿಂತ್ರ ಜನ ಹೊಡೀತಾರ. ಓಡಿದ್ರ ನೀವು ಹೊಡೀತೀರಿ. ಜನ ಹೊಡಿಯೂದು ಇವತ್ತ, ನೀವು ಹೊಡಿಯೂದು ನಾಳೆ. ನಾಳೆಂದು ನಾಳೆ ನೋಡಿದ್ರಾತು."

ನಾನು ಆಗ ಪೊಲೀಸ್ ಹವಾಲ್ದಾರ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಈ ನಾಲ್ಕು ತಾಲೂಕಿನೊಳಗೇ ನನ್ನನ್ನು ಕೇರಂ ಬಿಲ್ಲೆಯಂತೆ ಈ ಮೂಲೆಯಿಂದ ಆ ಮೂಲೆಗೆ ಹೊಡೆದು, ಕೊನೆಗೆ ನಿವೃತ್ತಿಯ ಗುಂಡಿಗೆ ಬೀಳಿಸಿದರು. ಈಗ ಇಲಾಖೆಗೆ ಹೊಸದಾಗಿ ಸೇರುವ ಹುಡುಗರು ಬಂದು "ನಿಮ್ಮ ಅನುಭವ ಹೇಳ್ರಿ ಸಾಹೇಬ್ರ" ಎನ್ನುತ್ತಾರೆ. ಕಳ್ಳರನ್ನು ಬೆನ್ನಟ್ಟಿದ ಕಥೆ ಬೇಕು ಅವರಿಗೆ. ನನ್ನ ಕಥೆಯಲ್ಲಿ ಕಳ್ಳರು ಕಡಿಮೆ. ಗಟಾರಕ್ಕೆ ಮೂತಿ ಇಟ್ಟ ಕಾರು, ಅದರ ಸುತ್ತ ಇಡೀ ಊರು, ಮತ್ತು ಎಲ್ಲಿಯೂ ಕಾಣದ ಡ್ರೈವರ್. ಹೆಚ್ಚಿನ ನೌಕರಿ ಇದರಲ್ಲೇ ಹೋಯಿತು.

ಅಪಘಾತದ ಕೆಲಸ ನನ್ನ ಪಾಲಿಗೆ ಬಂದದ್ದು ಓದಿದ ತಪ್ಪಿಗೆ. ನಮ್ಮಪ್ಪ ಮೆಕ್ಕೆಜೋಳದ ಚೀಲ ಹೊರುವ ಹಮಾಲ. ನಮ್ಮ ಮನೆತನದಲ್ಲಿ ಹೆಬ್ಬೆಟ್ಟು ದಾಟಿ ಸಹಿಯವರೆಗೆ ಬಂದವರೇ ಇರಲಿಲ್ಲ. ನಾನು ಕಾನ್‌ಸ್ಟೇಬಲ್ ಆದ ಮೇಲೆ, ಠಾಣೆಯ ಬಾಕಿನ ಮೇಲೆ ಕೂತು, ಒಮ್ಮೆ ಇಂಗ್ಲಿಷಿನಲ್ಲಿ ನಪಾಸಾಗಿ, ಮತ್ತೆ ಕಟ್ಟಿ, ಅಂಚೆಯ ಮೂಲಕ ಬಿ.ಎ. ಮುಗಿಸಿದೆ. ನಮ್ಮ ಮನೆಯ ಬಾಗಿಲ ಫಲಕದಲ್ಲಿ ಹೆಸರಿಗಿಂತ ಬಿ.ಎ. ದೊಡ್ಡದಾಗಿದೆ ಎಂದು ನಗುವವರಿದ್ದಾರೆ. ನಗಲಿ. ಹೆಸರು ಅಪ್ಪ ಇಟ್ಟದ್ದು, ಬಿ.ಎ. ನಾನು ಗಳಿಸಿದ್ದು.

ಪೇಡೆ ಹಿಡಿದುಕೊಂಡು ಹೋಗಿ ನಮ್ಮ ಸಾಹೇಬರಿಗೆ ಸುದ್ದಿ ಹೇಳಿದೆ. ಅವರು ಪೇಡೆ ಬಾಯಿಗೆ ಹಾಕಿಕೊಂಡು, "ಬಿ.ಎ. ಅಂದ್ರ ಅಕ್ಷರ ದುಂಡಗ ಇರಬೇಕಲ್ಲ. ಇನ್ನ ಮ್ಯಾಲ ಆಕ್ಸಿಡೆಂಟ್ ಪಂಚನಾಮೆ ಎಲ್ಲಾ ನೀನ ಬರಿ" ಎಂದರು. ಪದವಿಯಿಂದ ನನಗೆ ದೊರೆತ ಸೌಭಾಗ್ಯ ಅಷ್ಟು.

ಈ ಸಾಹೇಬರು ಯಾವ ಠಾಣೆಯವರೆಂದು ಹೇಳುವುದಿಲ್ಲ. ಅವರಿಗೆ ಅಪಘಾತವೆಂದರೆ ಒಂದೇ ವಾಕ್ಯ. ಎಲ್ಲ ವಾಹನಗಳೂ "ಅತಿವೇಗ ಮತ್ತು ನಿಷ್ಕಾಳಜಿತನದಿಂದ" ಬರಬೇಕು. ಒಮ್ಮೆ ರಸ್ತೆ ಬದಿಗೆ ಕೆಟ್ಟು ನಿಂತ ಟ್ರ್ಯಾಕ್ಟರಿಗೆ ಹಿಂದಿನಿಂದ ಕಾರು ಬಡಿದಿತ್ತು. ಸಾಹೇಬರು ಮೀಸೆ ತೀಡುತ್ತ ಹೇಳಿ ಬರೆಸತೊಡಗಿದರು, "ಸದರಿ ಟ್ರ್ಯಾಕ್ಟರ್ ಅತಿವೇಗ ಮತ್ತು..."

"ಸಾಹೇಬ್ರ, ಅದು ನಿಂತಿತ್ರಿ."

"ನಿಂತಿದ್ರ ಅತಿವೇಗದಿಂದ ನಿಂತಿತ್ತು ಅಂತ ಬರಿ. ವಾಕ್ಯ ಕೆಡಸಬ್ಯಾಡ."

ಅಳತೆಯದೂ ಹಾಗೆಯೇ. ಈಗಿನ ಹುಡುಗರು ಮೊಬೈಲಿನಲ್ಲಿ ನಾಲ್ಕು ದಿಕ್ಕಿನಿಂದ ಫೋಟೋ ತೆಗೆದು, ಜಾಗದ ಗುರುತನ್ನೂ ಅದರಲ್ಲೇ ಕೂಡಿಸುತ್ತಾರೆ. ನಮ್ಮಲ್ಲಿದ್ದದ್ದು ಒಂದು ಟೇಪು. ಅದರ ಇನ್ನೊಂದು ತುದಿ ಹಿಡಿಯಲು ದಾರಿಹೋಕನೊಬ್ಬನನ್ನು ಕಾಡಿ ಬೇಡಿ ನಿಲ್ಲಿಸಿಕೊಳ್ಳಬೇಕು. ಹಾನಗಲ್ಲಿನ ರಸ್ತೆಯಲ್ಲಿ ಹೀಗೆ ಹಿಡಿದು ನಿಂತವನೊಬ್ಬ ತನ್ನ ಬಸ್ಸು ಬಂದ ಕೂಡಲೇ ಟೇಪನ್ನು ಹಿಡಿದುಕೊಂಡೇ ಹತ್ತಿಬಿಟ್ಟ. ನಾನು ಬಸ್ಸಿನ ಹಿಂದೆ ಓಡಿದೆ. ಅಪಘಾತ ನೋಡಲು ಬಂದಿದ್ದ ಜನ ಅದನ್ನು ಬಿಟ್ಟು ನನ್ನನ್ನು ನೋಡಿದರು.

ಇಷ್ಟು ವರ್ಷಗಳ ಕೆಲಸದಲ್ಲಿ ನಾನು ಕಂಡ ಅಪಘಾತಗಳಿಗೆಲ್ಲ ಡ್ರೈವರುಗಳು ತೋರಿಸಿದ ಆರೋಪಿ ಒಬ್ಬನೇ, ಬ್ರೇಕು. ಶಿಗ್ಗಾಂವಿಯಲ್ಲಿ ಒಬ್ಬ ತನ್ನ ಕಾರನ್ನು ಸೀದಾ ಚಹಾದ ಅಂಗಡಿಯೊಳಗೆ ತಂದು ನಿಲ್ಲಿಸಿದ್ದ. ಪುಣ್ಯಕ್ಕೆ ಬಾಕಿನ ಮೇಲೆ ಯಾರೂ ಇರಲಿಲ್ಲ. "ಬ್ರೇಕ್ ಹತ್ತಲಿಲ್ರಿ" ಎಂದ. ನಾನು ಒಳಗೆ ಕೂತು ಒತ್ತಿ ನೋಡಿದೆ. ಗಟ್ಟಿಯಾಗಿತ್ತು.

"ಹತ್ತಾಕತ್ತೈತಲ್ಲೋ."

"ಈಗ ಹತ್ತತೈತ್ರಿ. ಆವಾಗ ಹತ್ತಲಿಲ್ಲ. ಅದಕ್ಕೂ ಗಾಬರಿ ಆಗಿತ್ತು ಅನಸ್ತೈತ್ರಿ."

ಗಾಬರಿಯಲ್ಲಿ ಸುಳ್ಳು ಹುಟ್ಟುವುದು ಸಹಜ. ಆದರೆ ಗಾಡಿಯನ್ನು ಪರೀಕ್ಷಿಸಲು ಆರ್‌ಟಿಓದ ಬ್ರೇಕ್ ಇನ್ಸ್‌ಪೆಕ್ಟರ್ ಬಂದೇ ಬರುತ್ತಾರೆ. ಅಲ್ಲಿಯವರೆಗೆ ಬಾಯಿ ಮುಚ್ಚಿಕೊಂಡಿದ್ದರೆ ಬರೀ ಗುದ್ದಿದವನಾಗಿರುತ್ತೀರಿ. ಬಾಯಿ ಬಿಟ್ಟರೆ ಸುಳ್ಳನೂ ಆಗುತ್ತೀರಿ.

ಸವಣೂರಿನ ಹತ್ತಿರ ಎಲೆತೋಟದ ತಿರುವಿನಲ್ಲಿ ಕಾರಿನವನೊಬ್ಬ ಬೈಕಿನವನಿಗೆ ಬಡಿದು, ಓಡಿಹೋಗದೆ ನಿಂತಿದ್ದ. ನನಗೆ ಸಂತೋಷವಾಯಿತು. ಹತ್ತಿರ ಹೋಗಿ ನೋಡಿದರೆ ಫೋನಿನಲ್ಲಿದ್ದ. ಮೊದಲು ಕಾರಿನ ಮಾಲಕನಿಗೆ, ಆಮೇಲೆ ತನ್ನ ಕಾಕಾನಿಗೆ, ಕಾಕಾನ ಪರಿಚಯದ ಮೆಂಬರನಿಗೆ, ಆ ಮೆಂಬರ್ ಹೇಳಿದ ಇನ್ನೊಬ್ಬ ದೊಡ್ಡವರಿಗೆ ಹಚ್ಚಿದ್ದ. ಬೈಕಿನವನು ಗಟಾರದ ದಂಡೆಯ ಮೇಲೆ ಕೈ ಹಿಡಿದುಕೊಂಡು ನರಳುತ್ತಿದ್ದ. "ನೂರಾ ಎಂಟಕ್ಕ ಹಚ್ಚಿಯೇನಪಾ?" ಎಂದು ಕೇಳಿದೆ. "ಹಚ್ಚಾಂವ ಇದ್ದೆ ಸಾಹೇಬ್ರ, ಅಷ್ಟರಾಗ ಮೊಬೈಲ್ ಆರಿತ್ರಿ" ಎಂದ. ಕೊನೆಗೆ ಗಾಯವಾದವನೇ ತನ್ನ ಫೋನಿನಿಂದ ತನಗೆ ಆಂಬುಲೆನ್ಸ್ ಕರೆಸಿಕೊಂಡ.

ನಗುತ್ತ ಹೇಳಲಾಗದ ಒಂದು ಪ್ರಸಂಗವೂ ಇದೆ. ಅಬಲೂರಿನ ಕಡೆ ಒಬ್ಬ ರೈತನಿಗೆ ಕಾರು ತಾಗಿತು. ಬಿದ್ದವನು ಎದ್ದ, ಧೋತರ ಝಾಡಿಸಿಕೊಂಡ, "ಏನೂ ಆಗಿಲ್ಲ" ಎಂದ. ಹಿರಿಯರು ಸೇರಿ, ಊರಲ್ಲೇ ಮುಗಿಸೋಣ, ಠಾಣೆ ಯಾಕೆ, ದವಾಖಾನೆ ಯಾಕೆ ಎಂದು ರಾಜಿ ಮಾಡಿಸಿದರು. ಗುದ್ದಿದವನೇ ಚಹಾ ಕುಡಿಸಿದ. ಇಬ್ಬರೂ ಕೈ ಹಿಡಿದು ನಕ್ಕರಂತೆ. ಸಂಜೆ ಆತ ವಾಂತಿ ಮಾಡಿಕೊಂಡು ಮಲಗಿದವನು ಏಳಲಿಲ್ಲ. ತಲೆಯೊಳಗೆ ರಕ್ತ ಹೆಪ್ಪುಗಟ್ಟಿತ್ತು. ನಾನು ಪಂಚನಾಮೆ ಬರೆಯುವಾಗ ಅದೇ ಹಿರಿಯರು ಪಂಚರಾಗಿ ಸಹಿ ಹಾಕಲು ಮುಂದೆ ಬಂದರು. ಆ ಮನೆಯವರಿಗೆ ಉಳಿದದ್ದು ಒಂದು ರಾಜಿ ಮಾತ್ರ. ಎದ್ದು ನಿಂತವನನ್ನೂ ವೈದ್ಯರಿಗೆ ತೋರಿಸಿ ಎಂದು ನಾನು ಕಂಡಕಂಡಲ್ಲಿ ಒದರುವುದು ಆ ದಿನದಿಂದ.

ಇನ್ನು ಶೇಖಪ್ಪನ ವಿಷಯಕ್ಕೆ ಬರುತ್ತೇನೆ. ನಮ್ಮ ಕಡೆ ಒಂದು ಪದ್ಧತಿಯಿದೆ. ಗಾಡಿ ಗುದ್ದಿದ ಕೂಡಲೇ ಓಡಿಸುತ್ತಿದ್ದವನನ್ನು ಹಿಂದಿನ ಬಾಗಿಲಿನಿಂದ ಮನೆಗೆ ಕಳಿಸುವುದು, ಲೈಸೆನ್ಸು ಪಕ್ಕಾ ಇರುವ ಒಬ್ಬನನ್ನು ಕರೆತಂದು "ಇಂವನ ಓಡಸ್ತಿದ್ದ" ಎಂದು ನಿಲ್ಲಿಸುವುದು. ಮದುವೆಗೆ ಒಡವೆ ಎರವಲು ತಂದ ಹಾಗೆ ಡ್ರೈವರನ್ನು ಎರವಲು ತರುತ್ತಾರೆ. ಹಿರೇಕೆರೂರಿನ ಸ್ಟ್ಯಾಂಡಿನಲ್ಲಿ ಈ ಕೆಲಸಕ್ಕೆ ಮೊದಲು ನೆನಪಾಗುತ್ತಿದ್ದ ಹೆಸರು ಶೇಖಪ್ಪನದು. ದಾಕ್ಷಿಣ್ಯದ ಮನುಷ್ಯ, ಬೇಡ ಎನ್ನಲು ಬಾರದು. ತಾನು ನೋಡದ ಊರುಗಳಲ್ಲಿ, ತಾನು ಹತ್ತದ ಕಾರುಗಳಿಂದ ಅಪಘಾತ ಮಾಡಿದ್ದ.

ಒಂದು ಮಧ್ಯಾಹ್ನ ಅವನು ನಮ್ಮ ಮನೆಯಲ್ಲಿ ಊಟ ಮಾಡುತ್ತಿದ್ದಾಗ ಫೋನು ಬಂತು. ಕೈ ತೊಳೆಯದೆ ಎದ್ದು ಹೋದ. ಸ್ವಲ್ಪ ಹೊತ್ತಿಗೆ ನನಗೂ ಠಾಣೆಯಿಂದ ಕರೆ. ಊರ ಹೊರಗೆ ವ್ಯಾಪಾರಸ್ಥರೊಬ್ಬರ ಕಾರು ಸ್ಕೂಟರಿಗೆ ಬಡಿದಿದೆ ಎಂದರು. ಹೋಗಿ ನೋಡಿದರೆ ಡ್ರೈವರೆಂದು ಕೈಕಟ್ಟಿ ನಿಂತವನು ಶೇಖಪ್ಪ. ಬಲಗೈಗೆ ನಮ್ಮ ಮನೆಯ ಪಲ್ಯ ಇನ್ನೂ ಅಂಟಿಕೊಂಡಿತ್ತು.

"ಓಡಸ್ತಿದ್ದಾಂವ ನೀನ?"

"ಹೌದ್ರಿ" ಎಂದ, ನನ್ನನ್ನು ಗುರುತೇ ಇಲ್ಲದವನ ಹಾಗೆ.

"ಹಂಗಾದ್ರ ಹತ್ತು. ಹೆಂಗ ಕುಂತಿದ್ದಿ ತೋರಸು."

ನಿಜಕ್ಕೂ ಓಡಿಸುತ್ತಿದ್ದ ವ್ಯಾಪಾರಸ್ಥರ ಮಗ ಗಿಡ್ಡ. ಸೀಟು ಪೂರ್ತಿ ಮುಂದಿತ್ತು. ಶೇಖಪ್ಪ ಬಾಗಿಲ ಚೌಕಟ್ಟಿಗೆ ತಲೆ ತಾಗುವ ಆಳು. ಒಳಗೆ ಹೋದ, ಮೊಣಕಾಲು ಸ್ಟೇರಿಂಗಿಗೆ ಸಿಕ್ಕವು, ಹೊರಗೆ ಬರಲು ಆಗಲಿಲ್ಲ. ಸ್ಕೂಟರಿನಿಂದ ಬಿದ್ದು ಮೊಣಕೈ ಕೆತ್ತಿಸಿಕೊಂಡಿದ್ದ ಮನುಷ್ಯ ನೋವು ಮರೆತು ನಗತೊಡಗಿದ. ನಾನೂ ಇನ್ನೊಬ್ಬ ಪೇದೆಯೂ ಶೇಖಪ್ಪನನ್ನು ಎಳೆದು ತೆಗೆದೆವು. ಸಂಬಂಧಿಕನೆಂದು ಸಾಹೇಬರಿಗೆ ತಿಳಿಸಿ ಆ ಕೇಸನ್ನು ಬೇರೆಯವರಿಗೆ ಬಿಟ್ಟೆ. ವ್ಯಾಪಾರಸ್ಥರ ಮಗ ಸಂಜೆ ಅಪ್ಪನ ಬೆನ್ನ ಹಿಂದೆ ಅಡಗಿಕೊಂಡು ಠಾಣೆಗೆ ಬಂದ.

ಆ ದಿನ ಶೇಖಪ್ಪನಿಗೆ ಹೇಳಿದೆ, "ಇದು ಮೊಣಕೈ. ನಾಳೆ ಜೀವ ಹೋದ್ರ, ಮಾಡದ ಕೊಲಿಗಿ ನೀನ ಒಳಗ ಹೋಗ್ತಿ. ಡ್ರೈವರ್ ಬ್ಯಾರೆ ಅಂತ ಗೊತ್ತಾದ್ರ ಗಾಯಾದವರಿಗೆ ಬರಬೇಕಾದ ವಿಮೆಗೂ ಕುತ್ತು." ಅವನು ಎರವಲು ಹೋಗುವುದನ್ನು ಬಿಟ್ಟ. ಆದರೆ ಗುದ್ದಿದವನು ನಿಂತು ಒಪ್ಪಿಕೊಳ್ಳುತ್ತಾನೆ ಎಂಬುದನ್ನು ಮಾತ್ರ ನಂಬಲಿಲ್ಲ. "ನೀವ ಹೇಳ್ರಿ ಮಾಮಾ, ನಿಮ್ಮ ಸರ್ವೀಸಿನಾಗ ಒಬ್ಬರ ಸಿಕ್ಕಾರೇನು?" ಎಂದು ಚುಚ್ಚುತ್ತಿದ್ದ. ತಾನಾಗಿ ಒಪ್ಪಿಕೊಂಡವನು ಒಬ್ಬನೂ ಸಿಕ್ಕಿರಲಿಲ್ಲ.

ನಿವೃತ್ತಿಯಾದ ಮೇಲೆ ದಿನಾ ಸಂಜೆ ಸ್ಟ್ಯಾಂಡಿಗೆ ಹೋಗಿ ಡ್ರೈವರುಗಳ ತಲೆ ತಿನ್ನುವುದು ನನ್ನ ಚಟವಾಯಿತು. ಗುದ್ದಿದ ಕೂಡಲೇ ಗಾಡಿ ನಿಲ್ಲಿಸು, ಇಂಡಿಕೇಟರ್ ನಾಲ್ಕೂ ಮಿಣುಕಿಸು, ಹಿಂದೆ ಬರುವವರು ನಿನ್ನ ಮೇಲೇ ಬರದಂತೆ ದೂರದಲ್ಲಿ ಒಬ್ಬನನ್ನು ನಿಲ್ಲಿಸು. ಆಮೇಲೆ ಗಾಡಿ ನೋಡಬೇಡ, ಮನುಷ್ಯನನ್ನು ನೋಡು. ಎಚ್ಚರ ತಪ್ಪಿದವನ ಬಾಯಿಗೆ ನೀರು ಹಾಕಬೇಡ. ಕೈಕಾಲು ಹಿಡಿದು ಚೀಲದ ಹಾಗೆ ಎತ್ತಬೇಡ, ಮುರಿದ ಎಲುಬು ಅದರಿಂದಲೇ ಹಾಳಾಗುತ್ತದೆ. ರಕ್ತ ಬರುತ್ತಿದ್ದರೆ ಶುದ್ಧ ಬಟ್ಟೆ ಇಟ್ಟು ಒತ್ತಿ ಹಿಡಿ. ಮೊದಲ ಫೋನು ನೂರಾ ಎಂಟಕ್ಕೆ, ಎರಡನೆಯದು ನೂರಾ ಹನ್ನೆರಡಕ್ಕೆ, ಮಾಲಕ ಆಮೇಲೆ.

"ಜನ ಮೈಮ್ಯಾಲ ಬಂದ್ರ?" ಎಂದು ಶೇಖಪ್ಪ ಎಲ್ಲರ ಪರವಾಗಿ ಕೇಳುತ್ತಿದ್ದ.

"ಅದಕ್ಕ ಕಾಯ್ದೆದಾಗ ದಾರಿ ಐತಿ. ಜೀವಕ್ಕ ಬಂತು ಅಂದ್ರ ಅಲ್ಲಿಂದ ಹೊಂಡು, ಆದ್ರ ಸೀದಾ ಠಾಣೆಕ್ಕ ಹೋಗು. ಮನಿಗಲ್ಲ."

"ಠಾಣೆಕ್ಕ ಹೋದ್ರ ಚಹಾ ಕೊಡ್ತಾರೇನ್ರಿ ಮಾಮಾ?" ಎಂದ. ಎಲ್ಲರೂ ನಕ್ಕರು. ನನ್ನ ಉಪನ್ಯಾಸಗಳು ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತಿದ್ದವು.

ಕಳೆದ ವರ್ಷ ಕಳೆ ತೆಗೆಯುವ ದಿನಗಳಲ್ಲಿ, ಹೊತ್ತು ಇಳಿಯುವ ಮುಂಚೆ, ನನ್ನ ಫೋನು ರಿಂಗಾಯಿತು. ಶೇಖಪ್ಪ.

"ಮಾಮಾ, ಮಾಸೂರ ಕೆರಿ ದಂಡಿಮ್ಯಾಗ ಗುದ್ದೇನಿ."

ನನ್ನ ಬಾಯಿ ಹಳೆಯ ಅಭ್ಯಾಸದಿಂದ ತಾನೇ ಕೇಳಿತು. "ನೂರಾ ಎಂಟು?"

"ಹಚ್ಚೇನಿ. ಬರಾಕತ್ತೈತಿ."

"ಪೊಲೀಸರಿಗೆ?"

"ಅದೂ ಹೇಳೇನಿ."

"ಮತ್ತ ನನಗ ಯಾಕ ಹಚ್ಚಿದಿ?"

"ಅಂಜಿಕಿ ಆಗಾಕತ್ತೈತಿ ಮಾಮಾ. ಸುಮ್ನ ಮಾತಾಡಕೋತ ಇರ್ರಿ."

ನಾನು ಮಗನ ಬೈಕಿನ ಹಿಂದೆ ಕೂತು ಮಾಸೂರಿನವರೆಗೂ ಮಾತಾಡುತ್ತಲೇ ಹೋದೆ. ಏನು ಮಾತಾಡಿದೆನೋ ನೆನಪಿಲ್ಲ. ಆ ಕಡೆಯ ಗದ್ದಲವೆಲ್ಲ ಕೇಳುತ್ತಿತ್ತು. ಶೇಖಪ್ಪ ಮುಂದಿದ್ದ ಟ್ರ್ಯಾಕ್ಟರನ್ನು ಹಿಂದೆ ಹಾಕಲು ಹೋಗಿ, ಕೆಲಸ ಮುಗಿಸಿ ರಸ್ತೆಯಂಚಿನಲ್ಲಿ ಬರುತ್ತಿದ್ದ ರೇಣವ್ವ ಎಂಬ ಕೂಲಿ ಹೆಣ್ಣುಮಗಳಿಗೆ ಬಡಿದಿದ್ದ. ಹೊಸದಾಗಿ ಮದುವೆಯಾದವಳು. ತೊಡೆ ಸೀಳಿ ರಕ್ತ ಹರಿಯುತ್ತಿತ್ತು. ಕಾರಿನೊಳಗೆ ಮದುವೆ ಮಾತುಕತೆಗೆ ಹೊರಟಿದ್ದ ಬಾಡಿಗೆಯವರು. ಅವರಲ್ಲಿ ಒಬ್ಬರು, "ಡ್ರೈವರ್, ಯಾರೂ ಬಂದಿಲ್ಲ, ನಡಿ ನಡಿ, ಮುಹೂರ್ತ ಮೀರತೈತಿ" ಎಂದರು. ಶೇಖಪ್ಪ ಅವರಿಗೆ ಹೇಳಿದ ಮಾತನ್ನು ಇಲ್ಲಿ ಬರೆಯಲಾರೆ, ಇದು ಮುದ್ರಣಕ್ಕೆ ಹೋಗುವ ಬರಹ.

ಹೆಗಲ ಟವೆಲನ್ನು ಗಾಯಕ್ಕೆ ಇಟ್ಟು ಎರಡೂ ಕೈಯಿಂದ ಒತ್ತಿ ಕೂತಿದ್ದ. ಸ್ಪೀಕರ್ ಹಾಕಿದ ಫೋನು ಪಕ್ಕದ ಹುಲ್ಲಿನ ಮೇಲಿತ್ತು. ಅಷ್ಟರಲ್ಲಿ ಹೊಲದಿಂದ ರೇಣವ್ವನ ಜೊತೆಯವರು ಕಳೆ ತೆಗೆಯುವ ಕುರ್ಚಿಗಿ, ಸಲಿಕೆ ಹಿಡಿದೇ ಓಡಿಬಂದರು. "ಯಾವ ಸೂಳಿಮಗ ಅಂವ" ಎಂಬುದು ನನಗೆ ಸ್ಪಷ್ಟವಾಗಿ ಕೇಳಿಸಿತು. ಅದರ ಹಿಂದೆಯೇ ಶೇಖಪ್ಪನ ದನಿ:

"ನಾನ ರೀ. ಕೈ ಬಿಟ್ರ ರಕ್ತ ಹರೀತೈತಿ. ಗಾಡಿ ಬರೂಮಟ ತಡೀರಿ, ಆಮ್ಯಾಲ ಹೊಡೀರಿ."

ಅವರು ನಿಂತರು. ಹೊಡೆಸಿಕೊಳ್ಳಲು ಹೊತ್ತು ಗೊತ್ತುಮಾಡಿದ ಡ್ರೈವರನ್ನು ಅವರೂ ಕಂಡಿರಲಿಲ್ಲ. ಒಬ್ಬ ಮುದುಕಿ ರೇಣವ್ವನ ಬಾಯಿಗೆ ನೀರು ಹಾಕಲು ತಂಬಿಗೆ ಎತ್ತಿದರೆ, "ಬ್ಯಾಡ ಯವ್ವಾ, ನೀರು ಹಾಕಬಾರದು, ನಮ್ಮ ಮಾಮಾ ಹೇಳ್ಯಾನ" ಎಂದನಂತೆ. ಆಂಬುಲೆನ್ಸ್ ಬಂದು ಆಕೆಯನ್ನು ಒಳಗೆ ಹಾಕಿದ ಮೇಲೆ ರೇಣವ್ವನ ಅಣ್ಣ ಮಾತಿನಂತೆ ಎರಡು ಬಾರಿಸಿದ. ಶೇಖಪ್ಪ ತಪ್ಪಿಸಿಕೊಳ್ಳಲಿಲ್ಲ.

ನಾನು ಹೋದಾಗ ಕಾರು ಗುದ್ದಿದಲ್ಲೇ ನಿಂತಿತ್ತು, ದೀಪ ಮಿಣುಕುತ್ತಿದ್ದವು. ಚಾವಿಯನ್ನು ಪೇದೆಗೆ ಕೊಟ್ಟು ಶೇಖಪ್ಪ ದಂಡೆಯ ಕಲ್ಲಿನ ಮೇಲೆ ಕೂತಿದ್ದ. ನೌಕರಿಯುದ್ದಕ್ಕೂ ನೋಡಬೇಕೆಂದುಕೊಂಡಿದ್ದ ದೃಶ್ಯ ಅದು. ನೋಡಿದರೆ ಅಳು ಬಂತು. "ಬ್ರೇಕ್ ಛಲೋ ಅದಾವು ಮಾಮಾ. ನಾನ ಅವಸರ ಮಾಡಿದೆ" ಎಂದ.

ಕೇಸು ಆಯಿತು, ಆಗಬೇಕಾದದ್ದೇ. ನಿಂತವನಿಗೆ ಕೇಸಾಗುವುದಿಲ್ಲ ಎಂದು ನಾನು ಯಾರಿಗೂ ಹೇಳಿಲ್ಲ. ಲೈಸೆನ್ಸನ್ನು ತಡೆಹಿಡಿದರು. ಶೇಖಪ್ಪ ಮೆಕ್ಕೆಜೋಳದ ಚೀಲ ಹೊರಲು ಹೋದ. ಹಾವೇರಿಯ ದವಾಖಾನೆಯಲ್ಲಿ ರೇಣವ್ವನ ಮುರಿದ ಕಾಲಿಗೆ ಸರಳು ಹಾಕಿದರು. ಇನ್ನಷ್ಟು ರಕ್ತ ಹೋಗಿದ್ದರೆ ಉಳಿಯುತ್ತಿರಲಿಲ್ಲ ಎಂದರು ವೈದ್ಯರು. ನಡೆಯುತ್ತಾಳೆಯೇ ಎಂದು ಕೇಳಿದರೆ, "ನೋಡೋಣ" ಎಂದರು. ಶೇಖಪ್ಪನ ಅವ್ವ, ಅಂದರೆ ನನ್ನ ಅತ್ತೆ ಗಂಗವ್ವ, ವಾರವಾರ ಬಸ್ಸು ಹತ್ತಿ ಬುತ್ತಿ ಕಟ್ಟಿಕೊಂಡು ಹೋಗಿ ಆ ಹುಡುಗಿಯ ಮಂಚದ ಪಕ್ಕದಲ್ಲಿ ಕೂತು ಬರತೊಡಗಿದಳು. ಮೊದಲೆರಡು ಸಲ ಆ ಮನೆಯವರು ಬುತ್ತಿ ಬಿಚ್ಚದೆ ವಾಪಸು ಕೊಟ್ಟರು. ಆಮೇಲೆ ಬಿಚ್ಚಿದರು.

ಇತ್ತೀಚೆಗೆ ತಾಲೂಕಿನ ವಾಹನ ಚಾಲಕರ ಸಂಘದವರು ರಸ್ತೆ ಸುರಕ್ಷತೆಯ ಕಾರ್ಯಕ್ರಮ ಇಟ್ಟುಕೊಂಡರು. ಸನ್ಮಾನಕ್ಕೆ ಒಬ್ಬ ಮಾದರಿ ಚಾಲಕ ಬೇಕು ಎಂದು ನನ್ನ ಬಳಿ ಬಂದರು. ಮಾಸೂರಿನ ಸಂಗತಿಯನ್ನು ನಾನು ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಅವರು ತಮಗೆ ನಂಬಿಕೆಯಾದಷ್ಟನ್ನು ಬರೆದುಕೊಂಡರು.

ವೇದಿಕೆಯ ಮೇಲೆ ಹಾರ, ಶಾಲು, ಭಾಷಣ. ಸ್ವಾಗತಿಸಿದವರು ಸ್ವಾಗತಿಸಲು ತೆಗೆದುಕೊಂಡ ವೇಳೆಯಲ್ಲಿ ಹಾವೇರಿಗೆ ಹೋಗಿ ಬರಬಹುದಿತ್ತು. ಅತಿಥಿಗಳು ಪ್ರಮಾಣಪತ್ರ ಹಿಡಿದರು. ನಿರೂಪಕ ಗಟ್ಟಿಯಾಗಿ ಓದಿದ: "ಅಪರಿಚಿತ ವಾಹನ ಡಿಕ್ಕಿ ಹೊಡೆದು ಪರಾರಿಯಾದಾಗ, ಗಾಯಾಳು ಮಹಿಳೆಯ ಪ್ರಾಣ ಉಳಿಸಿದ ಶ್ರೀ ಶೇಖಪ್ಪನವರಿಗೆ..."

ಚಪ್ಪಾಳೆ ಬಿದ್ದವು. ಶೇಖಪ್ಪ ನನ್ನ ಕಡೆ ನೋಡಿದ. ಆಮೇಲೆ ಮೈಕಿನ ಹತ್ತಿರ ಬಗ್ಗಿ, "ಅಪರಿಚಿತ ವಾಹನ ಅಲ್ರೀ. ಗುದ್ದಿದವನೂ ನಾನ" ಎಂದ.

ಚಪ್ಪಾಳೆ ಅರ್ಧಕ್ಕೆ ನಿಂತವು. ಅಧ್ಯಕ್ಷರು ನನ್ನ ಕಿವಿಯ ಬಳಿ ಬಂದು, "ಏನ್ರಿ ಇದು ಫಜೀತಿ. ಗುದ್ದಿದವಗ ಸರ್ಟಿಫಿಕೇಟ್ ಕೊಟ್ರ ನಾಳೆ ಎಲ್ಲಾರೂ ಗುದ್ದಿ ಬರ್ತಾರ" ಎಂದರು.

"ಓಡಿಹೋಗಿದ್ರ ನೀವು ಬರದದ್ದ ಖರೇ ಆಗ್ತಿತ್ತು. ಪೆನ್ನ ಕೊಡ್ರಿ" ಎಂದೆ. ಪರಾರಿಯ ಆ ಸಾಲನ್ನು ಹೊಡೆದುಹಾಕಿ, ಮೇಲೆ "ತನ್ನ ಕಾರಿನಿಂದ ಗಾಯಗೊಂಡ" ಎಂದು ಬರೆದು, ಪಂಚನಾಮೆಯಲ್ಲಿ ತಿದ್ದಿದಾಗ ಮಾಡುವಂತೆ ಪಕ್ಕದಲ್ಲಿ ಸಣ್ಣ ಸಹಿ ಹಾಕಿದೆ. ಬಿ.ಎ. ಎಂದೂ ಬರೆದೆ. ಅತಿಥಿಗಳು ಅದನ್ನು ಎರಡು ಬೆರಳಲ್ಲಿ ಹಿಡಿದು ಶೇಖಪ್ಪನ ಕೈಗೆ ಕೊಟ್ಟರು.

ಅವನು ಕೆಳಗಿಳಿದು ಬಂದು ಅದನ್ನು ಮುಂದಿನ ಸಾಲಿನಲ್ಲಿ ಕೂತಿದ್ದ ಅವ್ವನ ಮಡಿಲಲ್ಲಿ ಇಟ್ಟ. ಗಂಗವ್ವನಿಗೆ ಓದಲು ಬಾರದು. ಹಾಳೆಯ ಮೇಲೆ ಒಮ್ಮೆ ಕೈಯಾಡಿಸಿದಳು, ಮಡಚದೆ ಹಾಗೆಯೇ ಮಗನಿಗೆ ತಿರುಗಿ ಕೊಟ್ಟಳು.

"ಇದನ್ನ ಈಗ ಗ್ವಾಡಿಗೆ ಹಾಕಬ್ಯಾಡಪಾ. ರೇಣವ್ವ ಕಾಲೂರಿ ಹೊಲಕ್ಕ ಹೋಗ್ಲಿ, ಅವತ್ತ ಮೊಳಿ ಹೊಡಿಯೂಣು."